ಮುಖ ಓದುವವಳ ತಂಗಿ

ಮಾರ್ಚ್ 4

ಮೊಂಡಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಅಕ್ಕನದು ಅಂತ ನಿನಗೆ ಗೊತ್ತಾಗಿರುತ್ತದೆ. ಹರಿಯುವುದಾದರೆ ಈಗಲೇ ಹರಿ. ಅರ್ಧ ಓದಿ ಹರಿದರೆ ಉಳಿದರ್ಧದಲ್ಲಿ ಏನಿತ್ತೋ ಅಂತ ಒಂದು ವಾರ ಒದ್ದಾಡುತ್ತೀಯ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನನ್ನ 'ಹಲೋ' ಕೇಳಿದ್ದೇ ತಡ ನೀನು ಇಟ್ಟುಬಿಟ್ಟೆ. ಕಾಗದದ ಬಾಯಿ ಹಾಗೆ ಮುಚ್ಚಿಸಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಪತ್ರಿಕೆಯವನೊಬ್ಬ ಬಂದಿದ್ದ. ಎಳೆಯ ಹುಡುಗ, ಶರ್ಟಿನ ಜೇಬಲ್ಲಿ ಎರಡು ಪೆನ್ನು. "ಮೇಡಂ, ಮೂರು ಸಲ ಪೋಕರ್ ಚಾಂಪಿಯನ್ ಆಗಿದ್ದೀರಿ. ಗೆದ್ದ ತಕ್ಷಣ ಮೊದಲು ಯಾರಿಗೆ ಫೋನ್ ಮಾಡ್ತೀರಿ?" ಅಂದ. "ಹೋಟೆಲ್ ರಿಸೆಪ್ಷನ್ನಿಗೆ. ಒಗೆಯೋಕೆ ಕೊಟ್ಟ ಬಟ್ಟೆ ಬಂತಾ ಅಂತ ಕೇಳೋಕೆ" ಅಂದೆ. ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತು ಚಪ್ಪಲಿ ಬಿಚ್ಚುವಾಗ ಹೊಳೆಯಿತು, ನಾನು ತಮಾಷೆ ಮಾಡಿರಲೇ ಇಲ್ಲ. ಮೂರು ಸಲವೂ ರಿಸೆಪ್ಷನ್ನಿಗೇ ಫೋನ್ ಮಾಡಿದ್ದೆ.

ಏಳು ವರ್ಷವಾಯಿತು ಕಣೇ. ಆ ಲಿಫ್ಟ್ ಮೆಕ್ಯಾನಿಕ್‌ನನ್ನು ಮದುವೆಯಾಗುತ್ತೇನೆ ಅಂತ ನೀನು ಹೇಳಿದೆ. ಒಂದು ಸಲ ಊಟಕ್ಕೆ ಕರಿ, ನೋಡುತ್ತೇನೆ ಅಂದೆ ನಾನು. ಎರಡು ಗಂಟೆ ಅವನ ಎದುರಿಗೆ ಕೂತೆ. ಅವನು ಹೋದ ಮೇಲೆ ನನಗೆ ಕಂಡದ್ದು ಹೇಳಿದೆ: ಇವನು ಸುಳ್ಳ, ಎಲ್ಲೋ ಇನ್ನೊಂದು ಸಂಸಾರ ಇಟ್ಟಿದ್ದಾನೆ. ನಿನ್ನ ಒಳ್ಳೆಯದಕ್ಕೇ ಹೇಳಿದೆ. ನೀನು ಕೇಳಿದೆ, ಅವನಿಗೆ ಬೇಡ ಅಂದೆ. ಅದಾಗಿ ವರ್ಷಕ್ಕೆ "ನಿನ್ನ ಕಣ್ಣು ನೀನೇ ಇಟ್ಕೋ" ಅಂತ ಹೇಳಿ ಪೆಟ್ಟಿಗೆ ತಗೊಂಡು ಹೊರಟುಹೋದೆ.

ನನಗೆ ಈಗ ಐವತ್ತೊಂದು. ನೀನು ನನ್ನ ಜೊತೆ ಮತ್ತೆ ಮಾತಾಡಬೇಕು. ನನಗೆ ಬೇಕಾಗಿರುವುದು ಅಷ್ಟೇ. ಬೇಸಿಗೆ ಮುಗಿದ ಮೇಲೆ ದೊಡ್ಡ ಪಂದ್ಯ ಇದೆ, ಅದಕ್ಕೆ ಮುಂಚೆ ಒಂದು ದಿನ ಬಂದು ಹೋಗಲಾ?

ಕಾಯುವ,
ಅಕ್ಕ


ಏಪ್ರಿಲ್ 2

ಅಕ್ಕನಿಗೆ,

ಕಾಗದ ಬಂತು. ಪೂರ್ತಿ ಓದಿದೆ.

ನಾನು ಚೆನ್ನಾಗಿದ್ದೇನೆ. ಅದೇ ಲ್ಯಾಬು, ಅದೇ ಕಿಟಕಿ ಪಕ್ಕದ ಮೇಜು. ದಂತವೈದ್ಯರು ಅಚ್ಚು ಕಳಿಸುತ್ತಾರೆ, ನಾವು ನಾಲ್ಕು ಜನ ಹಲ್ಲು ಮಾಡಿ ಕಳಿಸುತ್ತೇವೆ. ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯಲ್ಲಿ ಮೇಣ, ತಲೆಕೂದಲಲ್ಲಿ ಪ್ಲಾಸ್ಟರ್ ಪುಡಿ. ಮನೆ ಸಣ್ಣದು, ಬೆಳಕು ಚೆನ್ನಾಗಿದೆ. ನೀನು ಬಂದು ನೋಡುವಂಥದ್ದು ಏನೂ ಇಲ್ಲ, ಬರಬೇಡ.

ಅವನ ವಿಷಯ ನೀನೇ ಎತ್ತಿದ್ದರಿಂದ ಹೇಳುತ್ತೇನೆ. ನಾನು ಬೇಡ ಅಂದ ಮೇಲೆ ವರ್ಷದೊಳಗೆ ಅವನು ಬೇರೆಯವಳನ್ನು ಮದುವೆಯಾದ. ಇನ್ನೊಂದು ಸಂಸಾರವೂ ಇರಲಿಲ್ಲ, ಮತ್ತೊಂದೂ ಇರಲಿಲ್ಲ. ಅವನ ಮನೆ, ಅವನ ಕೆಲಸ, ಅವನ ದಿನಚರಿ ಎಲ್ಲ ನಾವು ಕೆಲಸ ಮಾಡುವ ಕಟ್ಟಡದವರಿಗೆಲ್ಲ ಗೊತ್ತಿದ್ದದ್ದೇ. ಇದನ್ನು ಅವತ್ತು ಪೆಟ್ಟಿಗೆ ಕಟ್ಟುವಾಗಲೂ ಹೇಳಿದ್ದೆ. ನಿನ್ನ ಕಾಗದದಲ್ಲಿ ಆ ಸಾಲು ಕಾಣಲಿಲ್ಲ.

ಒಂದೇ ಪ್ರಶ್ನೆ ಕೇಳುತ್ತೇನೆ. ಅವತ್ತು ನೀನು ಅಂದದ್ದು ಸರಿ ಅಂತ ಇವತ್ತಿಗೂ ಅನ್ನಿಸುತ್ತದೆಯೇ? ಹೌದು ಅಥವಾ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ತಂಗಿ


ಏಪ್ರಿಲ್ 11

ಮೊಂಡಿಗೆ,

ಹೌದು.

ನೋಡು, ನಿನಗೆ ಬೇಕಾದ ಉತ್ತರ ಯಾವುದು ಅಂತ ನನಗೆ ಗೊತ್ತಿತ್ತು. 'ಇಲ್ಲ' ಅಂತ ಬರೆದಿದ್ದರೆ ಈ ಹೊತ್ತಿಗೆ ನೀನು ನನಗೆ ಬಸ್ಸಿನ ವೇಳೆ ಬರೆದು ಕಳಿಸುತ್ತಿದ್ದೆಯೇನೋ. ಆದರೆ ಸುಳ್ಳು ಹೇಳಿ ನಿನ್ನ ಮನೆ ಹೊಕ್ಕರೆ ಎಷ್ಟು ದಿನ ಕೂರಲಿ? ಇನ್ನೊಂದು ಸಂಸಾರ ಅಂತ ನಾನು ಊಹಿಸಿದ್ದು ತಪ್ಪು, ಒಪ್ಪಿದೆ. ಆದರೆ ಅವನು ಏನೋ ಮುಚ್ಚಿಡುತ್ತಿದ್ದ. ಅದರಲ್ಲಿ ಎರಡು ಮಾತಿಲ್ಲ.

ಹೇಗೆ ಗೊತ್ತು ಅಂತ ಕೇಳುತ್ತೀಯ. ನೀನು ಶಾಲೆಯಲ್ಲಿದ್ದಾಗ ನಾನು ಆ ದೊಡ್ಡ ಅಂಗಡಿಯಲ್ಲಿ ಸಾಮಾನು ವಾಪಸು ತಗೊಳ್ಳುವ ಕೌಂಟರಿನಲ್ಲಿ ಹನ್ನೊಂದು ವರ್ಷ ನಿಂತೆನಲ್ಲ, ಅದು ನನ್ನ ಕಾಲೇಜು. ಒಬ್ಬ ಬೂಟು ತಂದು "ಒಂದು ದಿನಾನೂ ಹಾಕ್ಕೊಂಡಿಲ್ಲ" ಅನ್ನುತ್ತಿದ್ದ, ಅಟ್ಟೆಗೆ ಚ್ಯೂಯಿಂಗ್ ಗಮ್ ಅಂಟಿರುತ್ತಿತ್ತು. ಒಬ್ಬಾಕೆ ಇಸ್ತ್ರಿಪೆಟ್ಟಿಗೆ ತಂದು, ನಾನು ಬಾಯಿ ತೆರೆಯುವ ಮುಂಚೆಯೇ "ನಾನೇನೂ ನೀರಿಗೆ ಹಾಕಿಲ್ಲಪ್ಪ" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ದಿನಕ್ಕೆ ಮೂವತ್ತು ಜನ ಬರುತ್ತಿದ್ದರು. ಹನ್ನೊಂದು ವರ್ಷ ನೋಡಿದ ಮೇಲೆ ಸಾಮಾನು ನೋಡುವುದೇ ಬಿಟ್ಟುಬಿಟ್ಟೆ, ಮುಖ ನೋಡಿದರೆ ಸಾಕಾಗುತ್ತಿತ್ತು.

ಪೋಕರ್ ಕಲಿಸಿದ್ದು ಅಲ್ಲಿನ ಸೆಕ್ಯುರಿಟಿಯವರು, ಊಟದ ಬಿಡುವಿನಲ್ಲಿ, ಗೋದಾಮಿನ ಖಾಲಿ ಡಬ್ಬಗಳ ಮೇಲೆ. ಆಟ ಏನು ಮಹಾ? ನಿನ್ನ ಕೈಯಲ್ಲಿ ಯಾರಿಗೂ ತೋರಿಸದ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಒಳ್ಳೆಯ ಎಲೆ ಬಂದವನು ಗೆಲ್ಲಬಹುದು, ಒಳ್ಳೆಯ ಎಲೆ ಬಂದಿದೆ ಅಂತ ನಂಬಿಸಿದವನೂ ಗೆಲ್ಲಬಹುದು, ಅದಕ್ಕೇ ಬ್ಲಫ್ ಅನ್ನುವುದು. ಸೆಕ್ಯುರಿಟಿಯವರು ಎರಡನೇ ದಿನವೇ ಟೋಪಿ ತೆಗೆದಿಟ್ಟು, "ಅಮ್ಮಾ, ನಿಮಗೆ ಎಲೆ ಯಾಕೆ ಬೇಕು? ನನ್ನ ಮುಖ ಹಿಡ್ಕೊಂಡೇ ಆಡ್ತೀರಲ್ಲ" ಅಂದರು.

ಮೊದಲ ಪಂದ್ಯ ಒಂದು ಹೋಟೆಲಿನ ಮೀಟಿಂಗ್ ಹಾಲಿನಲ್ಲಿ. ಎಂಬತ್ತು ಜನರಲ್ಲಿ ನಾನೊಬ್ಬಳೇ ಹೆಂಗಸು. ಒಬ್ಬ ನನ್ನ ಕೈಗೆ ಖಾಲಿ ಲೋಟ ಕೊಟ್ಟು "ಇನ್ನೊಂದು ಟೀ" ಅಂದ. ತಂದುಕೊಟ್ಟು ಅವನೆದುರಿನ ಕುರ್ಚಿಯಲ್ಲೇ ಕೂತೆ. ಟೀ ತಣ್ಣಗಾಗುವುದರೊಳಗೆ ಪಣಕ್ಕಿಡುವ ಅವನ ಬಿಲ್ಲೆಗಳೆಲ್ಲ ನನ್ನ ಮುಂದಿದ್ದವು. ಅವತ್ತು ಸಂಜೆ ನಿನಗೆ ಹೊಸ ಕೋಟು ತಂದೆ, ತೋಳು ಉದ್ದವಾಯಿತು ಅಂತ ನೀನು ಮುಖ ಊದಿಸಿದೆ.

ಅಲ್ಲಿಂದ ಇಲ್ಲಿಯವರೆಗೆ ಇದೇ ಬದುಕು. ದಿನಕ್ಕೆ ಹತ್ತು ಗಂಟೆ ಕುರ್ಚಿ, ಎಲ್ಲ ಊರಲ್ಲೂ ಒಂದೇ ಬಣ್ಣದ ಪರದೆಯ ಹೋಟೆಲ್ ಕೋಣೆ, ಸೊಂಟಕ್ಕೆ ಬಿಸಿನೀರಿನ ಚೀಲ. ಪತ್ರಿಕೆಯವರು 'ಕಲ್ಲುಮೋರೆ' ಅಂತ ಹೆಸರಿಟ್ಟಿದ್ದಾರೆ. ಜೊತೆಗೆ ಆಡುವವರು ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. "ಉಪ್ಪು ಕೊಡಿ ಅಂದ್ರೂ ಅದರಲ್ಲೇನೋ ಓದ್ತಾಳೆ ಮಾರಾಯಾ" ಅಂತ ಒಬ್ಬ ಅಂದದ್ದು ನನ್ನ ಕಿವಿಗೆ ಬಿತ್ತು. ನಗು ಬಂತು, ಆಮೇಲೆ ಬೇಜಾರಾಯಿತು.

ನನ್ನ ಹತ್ತಿರ ತಗಡಿನ ಒಂದು ಡಬ್ಬಿ ಇದೆ. ಎದುರಿಗೆ ಕೂತು ಆಡಿದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಕಾರ್ಡು. 'ಒಳ್ಳೆ ಎಲೆ ಬಂದರೆ ಉಸಿರು ಹಿಡಿಯುತ್ತಾನೆ.' 'ಬ್ಲಫ್ ಮಾಡುವಾಗ ಬಿಲ್ಲೆಗಳನ್ನು ನೇರ ಜೋಡಿಸುತ್ತಾಳೆ.' ಹೀಗೆ. ಅವನದೂ ಒಂದು ಕಾರ್ಡು ಇದೆ, ಊಟದ ದಿನವೇ ಬರೆದದ್ದು. 'ಪ್ರತಿ ಉತ್ತರಕ್ಕೆ ಮುಂಚೆ ಎಂಜಲು ನುಂಗುತ್ತಾನೆ. ಮೆಲ್ಲಗೆ ತಿನ್ನುತ್ತಾನೆ. ನಗುವಾಗ ತುಟಿ ಬಿಡುವುದಿಲ್ಲ.' ಪ್ರತಿ ಉತ್ತರಕ್ಕೆ ಮುಂಚೆ ಕಣೇ! "ಮುಂಚೆ ಯಾರಾದ್ರೂ ಇದ್ರಾ ನಿಮ್ಮ ಜೀವನದಲ್ಲಿ?" ಅಂದಾಗಂತೂ ಎರಡು ಸಲ ನುಂಗಿದ. ಆಮೇಲೆ "ಇಲ್ಲ" ಅಂದ. ಅದನ್ನು ಕಂಡೂ ನಾನು ಸುಮ್ಮನಿರಬೇಕಿತ್ತೇ? ನಿನ್ನ ಅಕ್ಕ ನಾನು.

ಸಿಟ್ಟು ಬಂದರೂ ಸರಿ, ನಾಲ್ಕು ಸಾಲು ಬರೆ.

ಅಕ್ಕ


ಜುಲೈ 20

ನನ್ನ ತಂಗಿಗೆ,

ಮೂರು ತಿಂಗಳಾಯಿತು, ನಿನ್ನಿಂದ ಒಂದು ಅಕ್ಷರ ಇಲ್ಲ. ಬರಲಿ ಅಂತ ನಾನು ಇದನ್ನು ಬರೆಯುತ್ತಿಲ್ಲ. ಹೇಳದೇ ಇದ್ದರೆ ಎದೆಯ ಮೇಲಿನ ಕಲ್ಲು ಇಳಿಯುವುದಿಲ್ಲ, ಅದಕ್ಕೆ.

ದೊಡ್ಡ ಪಂದ್ಯ ಮುಗಿಯಿತು. ಕೊನೆಗೆ ಮೇಜಿನಲ್ಲಿ ಉಳಿದವರು ಇಬ್ಬರು, ನಾನು ಮತ್ತು ಒಬ್ಬ ನಿವೃತ್ತ ಬಸ್ ಡ್ರೈವರ್. ಎಪ್ಪತ್ತು ದಾಟಿದವರು, ಕತ್ತಿಗೆ ಮಫ್ಲರು, ಕುರ್ಚಿಗೆ ಮನೆಯಿಂದ ತಂದ ದಿಂಬು. ಎರಡು ದಿನ ಅವರ ಜೊತೆ ಒಂದೇ ಮೇಜಿನಲ್ಲಿದ್ದೆ. ಕಾರ್ಡಿನಲ್ಲಿ ಬರೆದುಕೊಂಡಿದ್ದೆ: 'ನುಂಗಿದರೆ ಬ್ಲಫ್.' ಎರಡು ಸಲ ಅವರು ನುಂಗಿ ಮಾತಾಡಿದ ಮೇಲೆ ಖಾಲಿ ಕೈ ತೋರಿಸಿದ್ದರು.

ಮಧ್ಯಾಹ್ನ ಮೂರು ಗಂಟೆ. ಹಾಲಿನ ಕಿಟಕಿಗಳಿಂದ ಬಿಸಿಲು ನೇರ ಮೇಜಿನ ಮೇಲೆ ಬಿದ್ದಿತ್ತು. ನಡುವಿನ ಐದು ಎಲೆಗಳಲ್ಲಿ ಎರಡು ಒಂಬತ್ತು, ಒಂದು ರಾಣಿ. ನನ್ನ ಕೈಯಲ್ಲಿ ಇನ್ನೊಂದು ರಾಣಿ, ಜೊತೆಗೆ ಎಕ್ಕ. ಹೀಗೆ ನನಗೆ ಎರಡು ಜೋಡಿ, ಆದರೆ ಮೂರನೇ ಒಂಬತ್ತು ಅವರ ಕೈಯಲ್ಲಿದ್ದರೆ ಅವರದು ಮೇಲು, ನಾನು ಸತ್ತೆ. ಡ್ರೈವರು ತಮ್ಮ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ಮುಂದಕ್ಕೆ ತಳ್ಳಿದರು. ನನ್ನ ಗುಡ್ಡೆಗಿಂತ ಅವರದು ದೊಡ್ಡದು, ಸೋತರೆ ನಾನು ಎದ್ದು ಹೋಗಬೇಕು.

"ಒಂಬತ್ತು ಇದೆಯಾ ಯಜಮಾನ್ರೇ?" ಅಂದೆ.

ನನ್ನನ್ನು ನೋಡಿದರು. ಎಂಜಲು ನುಂಗಿದರು. ಆಮೇಲೆ, "ಇದ್ರೂ ಇರಬಹುದಮ್ಮ" ಅಂದರು.

ನಾನೂ ನನ್ನದೆಲ್ಲ ಮುಂದಕ್ಕೆ ತಳ್ಳಿದೆ. ನನಗೆ ಎಷ್ಟು ಖಾತ್ರಿ ಇತ್ತು ಅಂದರೆ, ಎಲೆ ತೋರಿಸುವಾಗ ಅರ್ಧ ಎದ್ದು ನಿಂತಿದ್ದೆ, ಕೈ ಕುಲುಕಲು. ಅವರು ಒಂಬತ್ತು ಇಟ್ಟರು.

ಸೋಲು ನನಗೆ ಹೊಸದಲ್ಲ. ಸೋತವಳು ಬಹುಮಾನ ಕೊಡುವವರೆಗೆ ನಿಲ್ಲಬೇಕು, ನಿಂತೆ. ಫೋಟೋದವರು ಡ್ರೈವರಿಗೆ "ನಗಿ ಸಾರ್, ನಗಿ ಸಾರ್" ಅಂತ ಗೋಗರೆಯುತ್ತಿದ್ದಾರೆ, ಅವರು ಹೆದರಿದವರ ಹಾಗೆ ತುಟಿ ಬಿಗಿ ಹಿಡಿದು ನಿಂತಿದ್ದಾರೆ. ಕೊನೆಗೆ ನನ್ನ ಕಡೆ ಬಗ್ಗಿ, "ತಪ್ಪು ತಿಳ್ಕೋಬೇಡಿ ತಾಯಿ. ಹಲ್ಲಿನ ಹೊಸ ಸೆಟ್ಟು, ಮೂರು ವಾರ ಆಯ್ತು ಅಷ್ಟೇ. ನಕ್ಕರೆ ಕಪ್ಪಿನೊಳಗೇ ಬೀಳುತ್ತೆ" ಅಂದರು. ಇನ್ನೂ ಹೇಳಿದರು: "ಮಾತಾಡೋಕೆ ಮುಂಚೆ ಒಂದ್ಸಲ ನುಂಗಿ, ನಾಲಿಗೆಯಿಂದ ಒತ್ತಿ ಕೂರಿಸ್ಕೋಬೇಕು. ಇಲ್ಲಾಂದ್ರೆ ಟಪಕ್. ಡಾಕ್ಟ್ರು ಅಭ್ಯಾಸ ಆಗುತ್ತೆ ಅಂತಾರೆ, ಯಾವಾಗ ಆಗುತ್ತೋ ಏನೋ!"

ಅಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಆ ಎರಡು ದಿನದ ಆಟವನ್ನು ಮತ್ತೆ ಎಣಿಸಿ ನೋಡಿದೆ. ಅವರು ಬ್ಲಫ್ ಮಾಡಿದಾಗ ನುಂಗಿದ್ದು ನಿಜ. ನೀರು ಕೇಳಿದಾಗಲೂ ನುಂಗಿದ್ದರು, ಗಂಟೆ ಎಷ್ಟು ಅಂತ ಹೇಳುವಾಗಲೂ ನುಂಗಿದ್ದರು. ನಾನು ಬರೆದುಕೊಂಡದ್ದು ನನಗೆ ಬೇಕಾದ ಎರಡು ಸಲ ಮಾತ್ರ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಇಪ್ಪತ್ತು ವರ್ಷ ಆ ಕಣ್ಣನ್ನೇ ಜನ ಹೊಗಳಿದ್ದರು.

ಕೋಣೆಗೆ ಬಂದು ಅವನ ಕಾರ್ಡು ತೆಗೆದೆ. ಪ್ರತಿ ಉತ್ತರಕ್ಕೆ ಮುಂಚೆ ನುಂಗುತ್ತಾನೆ. ಮೆಲ್ಲಗೆ ತಿನ್ನುತ್ತಾನೆ. ನಗುವಾಗ ತುಟಿ ಬಿಡುವುದಿಲ್ಲ. ಅಯ್ಯೋ ದೇವರೇ ಅಂತ ಗಟ್ಟಿಯಾಗಿಯೇ ಅಂದೆ. ಅವನೂ ಹಲ್ಲು ಕಟ್ಟಿಸಿಕೊಂಡಿದ್ದನೇನೇ? ಮೂವತ್ತೈದರ ಗಂಡಸು, ನಾಚಿಕೆಯಿಂದ ಮುಚ್ಚಿಟ್ಟಿದ್ದನೇ? ಹಲ್ಲು ಮಾಡುವವಳು ನೀನು. ನಿನಗೆ ಗೊತ್ತಿರಲಿಲ್ಲವೇ?

ನಿನ್ನ ಪ್ರಶ್ನೆಗೆ ಈಗ ಉತ್ತರ ಬರೆಯುತ್ತೇನೆ. ಇಲ್ಲ. ನಾನು ಅಂದದ್ದು ಸರಿಯಲ್ಲ. ಒಬ್ಬ ಒಳ್ಳೆಯವನನ್ನು ಸುಳ್ಳ ಅಂದೆ, ನಿನ್ನ ಬದುಕಿನ ದಾರಿಯನ್ನು ಒಂದು ಊಟದ ಮೇಜಿನಲ್ಲಿ ತಿರುಗಿಸಿಬಿಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ನಾನು ಕೊಯ್ದದ್ದು ಕೋಪದಲ್ಲೂ ಅಲ್ಲ, ಜಂಬದಲ್ಲಿ. ತಪ್ಪಾಯಿತು. ಕ್ಷಮಿಸು ಅಂತ ಕೇಳಲು ಬಾಯಿ ಬರುತ್ತಿಲ್ಲ, ಆದರೂ ಕೇಳುತ್ತೇನೆ.

ಅಕ್ಕ


ಆಗಸ್ಟ್ 16

ತಂಗಿಗೆ,

ಅವನ ಕಾರ್ಡು ಇದರ ಜೊತೆ ಇಟ್ಟಿದ್ದೇನೆ. ನನ್ನ ಹತ್ತಿರ ಇರಬಾರದು ಅನ್ನಿಸಿತು, ಹರಿಯಲು ಕೈ ಬರಲಿಲ್ಲ. ನಿನಗೆ ತೋಚಿದ್ದು ಮಾಡು.

ಹೋದ ವಾರ ಒಂದು ಸಣ್ಣ ಪಂದ್ಯಕ್ಕೆ ಹೋಗಿದ್ದೆ, ಎದ್ದು ಬಂದುಬಿಟ್ಟೆ. ಎದುರಿಗೆ ಕೂತವಳು ಕಿವಿ ಕೆರೆದುಕೊಂಡಳು. ಬ್ಲಫ್ ಅಂತ ಒಂದು ಮನಸ್ಸು, ಪಾಪ ಸೊಳ್ಳೆ ಕಚ್ಚಿರಬೇಕು ಅಂತ ಇನ್ನೊಂದು ಮನಸ್ಸು. ಹೀಗಾದರೆ ಆಡುವುದು ಹೇಗೆ, ನೀನೇ ಹೇಳು. ಜನ ನನಗೆ ಹುಷಾರಿಲ್ಲ ಅಂದುಕೊಂಡರು.

ಬರೆಯದಿದ್ದರೂ ಪರವಾಗಿಲ್ಲ. ಓದುತ್ತಿದ್ದೀಯ ಅಂತ ಅಂದುಕೊಂಡಿದ್ದೇನೆ.

ಅಕ್ಕ


ಸೆಪ್ಟೆಂಬರ್ 12

ಅಕ್ಕನಿಗೆ,

ಎರಡು ತಿಂಗಳಲ್ಲಿ ಇದು ಐದನೇ ಸಲ ಬರೆಯುತ್ತಿರುವುದು. ನಾಲ್ಕು ಹರಿದೆ. ಹರಿಯುವ ವಿಷಯದಲ್ಲಿ ನೀನು ನನ್ನನ್ನು ಚೆನ್ನಾಗಿಯೇ ಬಲ್ಲೆ.

ಗೊತ್ತಿರಲಿಲ್ಲವೇ ಅಂತ ಕೇಳಿದೆ. ಗೊತ್ತಿತ್ತು. ಆ ಹಲ್ಲು ಮಾಡಿದವಳೇ ನಾನು.

ಮೇಲಿನ ಸಾಲಿನ ಮುಂದಿನ ನಾಲ್ಕು. ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಇಳಿದು ಕೆಲಸ ಮಾಡುವಾಗ ಸರಪಳಿ ಬಡಿದು ಹೋಗಿದ್ದವು. ಹಲ್ಲಿನ ಬಣ್ಣ ಹೊಂದಿಸಲು ಹಗಲಿನ ಬೆಳಕು ಬೇಕು, ದವಾಖಾನೆಯ ಟ್ಯೂಬ್‌ಲೈಟಿನಲ್ಲಿ ಆಗುವುದಿಲ್ಲ, ಅದಕ್ಕೆ ಕೆಲವರನ್ನು ನನ್ನ ಕಿಟಕಿಯ ಹತ್ತಿರವೇ ಕಳಿಸುತ್ತಾರೆ. ಅವನು ಬಂದು ಕರವಸ್ತ್ರ ಬಾಯಿಗೆ ಹಿಡಿದುಕೊಂಡೇ ಕೂತ. ನಾನು ಬಣ್ಣದ ಪಟ್ಟಿ ಹಿಡಿದುಕೊಂಡು ಹತ್ತು ನಿಮಿಷ ಕಾದೆ. ಕೊನೆಗೆ, "ಆ ಕಡೆ ತಿರುಗ್ತೀರಾ, ತೆಗಿತೀನಿ" ಅಂದ. "ತಿರುಗಿದ್ರೆ ಬಣ್ಣ ಹೇಗೆ ನೋಡಲಿ?" ಅಂದೆ. ಇಬ್ಬರಿಗೂ ನಗು ಬಂತು. ಹಾಗೆ ಪರಿಚಯವಾದದ್ದು.

ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟಳೆ ಇದೆ. ಅಚ್ಚಿನ ಮೇಲೆ ನಂಬರು ಮಾತ್ರ, ಹೆಸರು ಬರೆಯುವಂತಿಲ್ಲ. ನಾವು ಹಲ್ಲು ಮಾಡಿಕೊಟ್ಟವರು ದಾರಿಯಲ್ಲಿ ಎದುರಾದರೆ ಬಾಯಿ ನೋಡದೆ ಪಾದ ನೋಡಿಕೊಂಡು ಹೋಗಬೇಕು. ಯಾರ ಹಲ್ಲು ಅಂತ ಹೆತ್ತ ತಾಯಿಗೂ ಹೇಳುವಂತಿಲ್ಲ. ಅದಕ್ಕೆ ಊಟದ ದಿನ ನೀನು "ಎಲ್ಲಿ ಪರಿಚಯ?" ಅಂದಾಗ ನಾವಿಬ್ಬರೂ ಒಟ್ಟಿಗೇ "ಲಿಫ್ಟಲ್ಲಿ" ಅಂದೆವು. ಮುಂಚೆಯೇ ಮಾತಾಡಿಕೊಂಡಿದ್ದೆವು. ನೀನು ಹೇಳಿದ್ದು ಸರಿಯೇ, ಅವನು ಮುಚ್ಚಿಡುತ್ತಿದ್ದ. ಮುಚ್ಚಿಟ್ಟದ್ದು ನಾಲ್ಕು ಹಲ್ಲು.

ಮುಂದಿನದನ್ನು ಬರೆಯುವುದೇ ಕಷ್ಟ. ನೀನು ಅವನನ್ನು ಸುಳ್ಳ ಅಂದ ಮರುದಿನ ಅವನಿಗೆ ಎಲ್ಲ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಹಲ್ಲಿನ ವಿಷಯ ಅಕ್ಕನಿಗೆ ಹೇಳಿಬಿಡು. ನಾಚಿಕೆ ನನ್ನದು ತಾನೇ, ನಾನು ನುಂಗ್ಕೋತೀನಿ" ಅಂದ. ಹೇಳು ಅಂತ ಅವನೇ ಅಂದ ಮೇಲೆ ಕಟ್ಟಳೆಯ ನೆಪವೂ ಉಳಿಯಲಿಲ್ಲ. ಒಂದು ಸಾಲು ಸಾಕಿತ್ತು ಅಕ್ಕ. ನಾನು ಹೇಳಲಿಲ್ಲ.

ಯಾಕೆ ಅಂತ ಏಳು ವರ್ಷ ಕೇಳಿಕೊಂಡಿದ್ದೇನೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು "ಏನೂ ಆಗಲ್ಲ" ಅಂದರು. ನೀನು ನನ್ನನ್ನು ಹೊರಗೆ ಕರೆದುಕೊಂಡು ಬಂದು, "ಇಲ್ಲ ಕಣೇ, ಅಮ್ಮ ಉಳಿಯಲ್ಲ, ಅವರ ಮುಖ ನೋಡಿದೆ" ಅಂದೆ. ನಾಲ್ಕನೇ ದಿನ ಅಮ್ಮ ಹೋದಳು. ನನಗೆ ಹನ್ನೊಂದು. ಅವತ್ತಿನಿಂದ ನನಗೆ ನಿನ್ನ ಕಣ್ಣಿಗಿಂತ ದೊಡ್ಡ ಸತ್ಯ ಯಾವುದೂ ಇರಲಿಲ್ಲ. ಅವನು ಎಲ್ಲದಕ್ಕೂ ನುಂಗಿದ. ಹಲ್ಲಿಗೆ ನುಂಗಿದ್ದು ಯಾವುದು, ಸುಳ್ಳಿಗೆ ನುಂಗಿದ್ದು ಯಾವುದು ಅಂತ ನಾನೂ ಲೆಕ್ಕ ಹಾಕಲು ಶುರು ಮಾಡಿದೆ. ನನ್ನ ಕೈಯಾರೆ ಮಾಡಿದ ಹಲ್ಲು ಬಿಟ್ಟು ನಿನ್ನ ಕಣ್ಣು ನಂಬಿದೆ. ಹಲ್ಲಿನ ವಿಷಯ ಹೇಳಿದ ಮೇಲೂ ನೀನು 'ಆದರೂ ಸುಳ್ಳ' ಅಂದುಬಿಟ್ಟರೆ ಏನು ಮಾಡಲಿ ಅನ್ನುವ ಹೆದರಿಕೆ ಬೇರೆ. ನನ್ನ ಹೇಡಿತನ ಅದು, ನಿನ್ನ ತಲೆಗೆ ಕಟ್ಟಿದೆ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡರೆ ನನ್ನ ಮುಖ ನಾನು ನೋಡಿಕೊಳ್ಳಬೇಕಾಗಿರಲಿಲ್ಲ.

ಫೋನ್ ಇಟ್ಟದ್ದು, ಬರಬೇಡ ಅಂದದ್ದು ಎಲ್ಲ ಇದಕ್ಕೇ. ನೀನು ಎದುರಿಗೆ ಕೂತರೆ ಎರಡೇ ನಿಮಿಷದಲ್ಲಿ ಓದಿಬಿಡುತ್ತೀಯ. ಇವಳಿಗೆ ಮೊದಲೇ ಗೊತ್ತಿತ್ತು, ಇವಳೇ ಅವನನ್ನು ಬಿಟ್ಟುಕೊಟ್ಟಳು ಅಂತ. ಆ ಎರಡು ನಿಮಿಷಕ್ಕೆ ಹೆದರಿ, ಮೊದಲು ಮನೆಯೊಳಗೇ, ಆಮೇಲೆ ಮನೆ ಬಿಟ್ಟು, ಏಳು ವರ್ಷ ನಿನ್ನಿಂದ ಮುಖ ತಪ್ಪಿಸಿಕೊಂಡು ಓಡಾಡಿದೆ. ನೀನು ಜುಲೈಯಲ್ಲಿ ತಪ್ಪಾಯಿತು ಅಂತ ಬರೆದಾಗ ನನಗೆ ಸಮಾಧಾನ ಆಗಬೇಕಿತ್ತು. ನೆಲದ ಮೇಲೆ ಕೂತು ಅತ್ತೆ.

ಅವನು ಚೆನ್ನಾಗಿದ್ದಾನೆ, ಅದರ ಬಗ್ಗೆ ಕೊರಗಬೇಡ. ಹೋದ ವರ್ಷ ಹಲ್ಲು ಸವೆದು ಹೊಸದು ಮಾಡಿಸಿಕೊಳ್ಳಲು ಬಂದಿದ್ದ, ಜೊತೆಗೆ ಮಗಳು. ಈಗ ಬಾಯಿ ತುಂಬ ನಗುತ್ತಾನೆ. ಬಣ್ಣ ಹೊಂದಿಸಿ ಕೊಟ್ಟೆ, ಬಾಗಿಲವರೆಗೆ ಕಳಿಸಿ ಬಂದೆ. ನನಗೆ ಅವನು ಬೇಕಾಗಿಲ್ಲ. ಅಕ್ಕ ಬೇಕು.

ಬಾ ಅನ್ನಲೂ ಭಯ, ಬೇಡ ಅನ್ನಲೂ ಭಯ. ಬರುವುದಾದರೆ ಭಾನುವಾರ ಬಾ, ರಜೆ ಇರುತ್ತದೆ. ನನ್ನ ಮುಖದಲ್ಲಿ ಏನು ಕಂಡರೂ ಸರಿ, ಅವತ್ತೊಂದು ದಿನ ಹೇಳಬೇಡ.

ನಿನ್ನ ತಂಗಿ


ಸೆಪ್ಟೆಂಬರ್ 18

ಮೊಂಡಿಗೆ, ಅಲ್ಲ, ನನ್ನ ಕೂಸಿಗೆ,

ನಿನ್ನ ಕಾಗದ ಓದಿ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಕೋಣೆ ಗುಡಿಸುವಾಕೆ ಬಾಗಿಲು ಬಡಿದು, "ಅಮ್ಮಾ, ಬದುಕಿದ್ದೀರಾ?" ಅಂದಳು. "ಯೋಚಿಸ್ತಿದ್ದೀನಿ, ನಾಳೆ ಬಾ" ಅಂದೆ.

ನಿನ್ನ ಮೇಲೆ ಸಿಟ್ಟು ಬಂತಾ ಅಂತ ನೀನು ಕೇಳಿಲ್ಲ, ಆದರೆ ಕೇಳಬೇಕು ಅಂತ ಇದ್ದೀಯ. ಬರಲಿಲ್ಲ. ಹನ್ನೊಂದು ವರ್ಷದ ಮಗುವಿನ ಕಿವಿಯಲ್ಲಿ ಅಮ್ಮ ಉಳಿಯಲ್ಲ ಅಂತ ಹೇಳಿದವಳು ನಾನು. ಆಮೇಲೆ ಆ ಮಗು ತನ್ನ ಕಣ್ಣು ನಂಬಲಿಲ್ಲ ಅಂತ ದೂರಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ.

ನನಗೆ ನಿದ್ದೆ ಕೆಡಿಸಿದ್ದು ಬೇರೆ. ಎರಡು ನಿಮಿಷದಲ್ಲಿ ಓದಿಬಿಡುತ್ತೀಯ ಅಂತ ಬರೆದಿದ್ದೀಯ. ಆ ಊಟದ ದಿನವನ್ನು ಮೊದಲಿನಿಂದ ನೆನಪು ಮಾಡಿಕೊಂಡೆ. ಅವನ ಗಂಟಲು ನೆನಪಿದೆ, ಕಾಲರಿನ ಬಿಚ್ಚಿದ ಗುಂಡಿ ನೆನಪಿದೆ, ಚಮಚ ಹಿಡಿದ ಬೆರಳು ನೆನಪಿದೆ. "ಲಿಫ್ಟಲ್ಲಿ" ಅಂತ ಇಬ್ಬರೂ ಒಟ್ಟಿಗೆ ಅಂದಿರಂತೆ. ನನಗೆ ಅವನ ದನಿ ಮಾತ್ರ ನೆನಪಿದೆ. ಒಂದೇ ಸುಳ್ಳನ್ನು ಇಬ್ಬರು ಹೇಳಿದಿರಿ, ಒಬ್ಬಳು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತು ಹೇಳಿದಳು, ನಾನು ಅವಳ ಕಡೆ ತಿರುಗಿಯೂ ನೋಡಿಲ್ಲ. ಆಮೇಲೆ ಒಂದು ವರ್ಷ ಒಂದೇ ಮನೆಯಲ್ಲಿದ್ದೆವು. ಎದುರುಬದುರು ಕೂತು ಎಷ್ಟು ಊಟ ಮಾಡಿರಬೇಕು? ನಿನ್ನ ಮುಖದಲ್ಲಿ ಅದೆಲ್ಲ ಬರೆದಿತ್ತಲ್ಲ, ನನಗೆ ಒಂದಕ್ಷರ ಕಾಣಲಿಲ್ಲ.

ಮುಖ ನೋಡುವುದು ಅಂದರೆ ನನಗೆ ಅನುಮಾನಿಸುವುದು. ನಿನ್ನ ಮೇಲೆ ಅನುಮಾನ ಯಾವತ್ತೂ ಇರಲಿಲ್ಲ, ಹಾಗಾಗಿ ನೋಡಿಯೇ ಇಲ್ಲ. ನೀನು ಹೆದರಬೇಕಾಗಿರಲೇ ಇಲ್ಲ ಕೂಸೇ. ಅವತ್ತೇ ಎದುರಿಗೆ ಬಂದು ಕೂತಿದ್ದರೂ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಏಳು ವರ್ಷ ನೀನು ಅಡಗಿ ಕೂತೆ, ನಾನು ಹುಡುಕುತ್ತಲೇ ಇರಲಿಲ್ಲ. ಇದನ್ನು ಬರೆಯುವಾಗ ನನಗೆ ಎಷ್ಟು ನಾಚಿಕೆಯಾಗುತ್ತಿದೆ ಅಂತ ಹೇಳಲು ಬರುವುದಿಲ್ಲ.

ಭಾನುವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ. ಏನೂ ಓದುವುದಿಲ್ಲ, ಏನೂ ಹೇಳುವುದಿಲ್ಲ, ನೀನು ಹಾಕಿದ್ದು ತಿಂದು ಸುಮ್ಮನೆ ಕೂರುತ್ತೇನೆ.

ಒಂದು ಮಾತು. ನಿನ್ನೆ ಕಣ್ಣು ಮುಚ್ಚಿ ನಿನ್ನ ಮುಖ ತಂದುಕೊಳ್ಳಲು ನೋಡಿದೆ. ಆರುನೂರು ಜನರ ಹುಬ್ಬು, ತುಟಿ, ಗಂಟಲು ಬಂದವು. ನಿನ್ನದು ಬರಲಿಲ್ಲ. ಬಸ್ ನಿಲ್ದಾಣದಲ್ಲಿ ನಾನು ನಿನ್ನ ಮುಂದೆಯೇ ದಾಟಿ ಹೋದರೂ ಹೋದೆ. ನೀನೇ ಅಕ್ಕಾ ಅಂತ ಕೂಗು.

ನಿನ್ನ,
ಅಕ್ಕ